ಮಾರ್ಕಸ್ ಎಂಬ ಹೆಸರಿಗೆ ಕುಜದೋಷ ಉಂಟೇ?

ಪತ್ರ: ಜರ್ಮನಿಯಲ್ಲಿರುವ ಮಗಳು, ಅಳಿಯ ನಮ್ಮ ಮೊಮ್ಮಗನಿಗೆ ‘ಮಾರ್ಕಸ್’ ಅಂತ ಹೆಸರಿಡುತ್ತಾರಂತೆ. ಅದು ರೋಮನ್ನರ ಯುದ್ಧದ ದೇವರು ಮಾರ್ಸ್‌ನಿಂದ ಬಂದದ್ದು ಎಂದು ಯಾರೋ ಹೇಳಿದರು. ಮಾರ್ಸ್ ಅಂದರೆ ಮಂಗಳ ಗ್ರಹ, ಮಂಗಳ ಅಂದರೆ ಕುಜ ಎಂದು ಮನೆಯವರಿಗೆ ಚಿಂತೆ ಹತ್ತಿದೆ. ನಿಜವಾದ ಅರ್ಥ ಏನು ತಿಳಿಸಿ.
— ಧಾರವಾಡದ ಓದುಗರು

ಸಂಪಾದಕರ ಉತ್ತರ: ಕುಜದೋಷ ನೋಡುವುದು ಜಾತಕದಲ್ಲಿ, ಹೆಸರಿನಲ್ಲಿ ಅಲ್ಲ. ಇಲ್ಲದಿದ್ದರೆ ನಮ್ಮೂರುಗಳ ತುಂಬ ಇರುವ ಮಂಗಳಾ, ಮಂಗಳಗೌರಿಯರ ಗತಿ ಏನಾಗಬೇಕಿತ್ತು ಹೇಳಿ!

ಮಾರ್ಸ್ ಸಂಬಂಧ ಮಾತ್ರ ಸರಿ. ಮಾರ್ಚ್ ತಿಂಗಳ ಹೆಸರೂ ಅಲ್ಲಿಂದಲೇ ಬಂದದ್ದು. ಆದರೆ ಮಾರ್ಸ್ ಬರೀ ಕತ್ತಿ ಹಿಡಿದವನಲ್ಲ, ಹೊಲ ಕಾಯುವವನೂ ಹೌದು. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಕೇಟೋ ಎಂಬವನು (ಪೂರ್ತಿ ಹೆಸರು ಮಾರ್ಕಸ್ ಪೋರ್ಸಿಯಸ್ ಕೇಟೋ, ಅಂದರೆ ಅವನೂ ಮಾರ್ಕಸ್ಸೇ) ಬೇಸಾಯದ ಬಗ್ಗೆ ಒಂದು ಪುಸ್ತಕ ಬರೆದ. ಹಂದಿಮರಿ, ಕುರಿಮರಿ, ಕರು ಮೂರನ್ನೂ ಹೊಲದ ಸುತ್ತ ನಡೆಸಿ, ಆಮೇಲೆ ಬಲಿ ಕೊಟ್ಟು, ಅಪ್ಪಾ ಮಾರ್ಸ್, ಬೆಳೆಗೆ ಕೇಡು ಬಾರದಿರಲಿ, ಕುರಿ ಕಾಯುವವರೂ ಕುರಿಗಳೂ ಸುಖವಾಗಿರಲಿ, ಮನೆಮಂದಿಗೆ ಆರೋಗ್ಯ ಕೊಡು ಎಂದು ಬೇಡಿಕೊಳ್ಳುವ ಕ್ರಮ ಅದರಲ್ಲಿದೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ನಿಮ್ಮ ಕಡೆಯವರಿಗೆ ಇದೇನೂ ಹೊಸದು ಅನ್ನಿಸಲಿಕ್ಕಿಲ್ಲ, ಅಲ್ವಾ?

ಇನ್ನೊಂದು ಮಾತು. ಹೆಸರಿನ ಅರ್ಥಕ್ಕೆ ನಾವು ಕೊಡುವಷ್ಟು ಬೆಲೆಯನ್ನು ರೋಮನ್ನರು ಕೊಡುತ್ತಿರಲಿಲ್ಲ. ಗಂಡುಮಗುವಿಗೆ 9ನೇ ದಿನ ಹೆಸರಿಡುತ್ತಿದ್ದರು. ಆರಿಸಲು ಜಾಸ್ತಿ ಹೆಸರೇ ಇರಲಿಲ್ಲ, ಒಳ್ಳೆ ಚಾಲ್ತಿಯಲ್ಲಿದ್ದದ್ದು 20ರೊಳಗೆ. ಅಪ್ಪನ ಹೆಸರನ್ನೇ ಹಿರಿಮಗನಿಗೆ ಇಟ್ಟರೆ ಕೆಲಸ ಮುಗಿಯಿತು. ಹೆಸರು ಅಷ್ಟು ಕಮ್ಮಿ ಇದ್ದ ಕಾರಣ ಕಲ್ಲಿನಲ್ಲಿ ಕೆತ್ತುವಾಗಲೂ ‘ಎಂ’ ಎಂಬ ಒಂದೇ ಅಕ್ಷರ ಸಾಕಾಗುತ್ತಿತ್ತು. ರೋಮ್‌ನ ಪ್ಯಾಂಥಿಯನ್ ಗುಡಿಯ ಮುಂಭಾಗದಲ್ಲಿ, ಕಂಬಗಳ ಮೇಲೆ, ದೊಡ್ಡ ಅಕ್ಷರದ ಸಾಲೊಂದಿದೆ. ಅದು ಶುರುವಾಗುವುದೇ ‘ಎಂ ಅಗ್ರಿಪ್ಪ’ ಅಂತ. ಮುಂದಿನದು ‘ಎಲ್ ಎಫ್’, ಅಂದರೆ ಲೂಸಿಯಸ್‌ನ ಮಗ. ಮೈಸೂರು ಕಡೆಯವರ ಇನಿಷಿಯಲ್ ನೆನಪಾಗುತ್ತದೆ. ಆದರೆ ಅಲ್ಲಿ ಆ ‘ಎಂ’ ಊರಿನದೂ ಅಲ್ಲ, ಅಪ್ಪನದೂ ಅಲ್ಲ, ಆ ಹುಡುಗನ ಸ್ವಂತ ಹೆಸರೇ ಅದು.

ಹೆಣ್ಣುಮಕ್ಕಳಿಗೆ ಅಷ್ಟೂ ಇಲ್ಲ. ಮಾರ್ಕಸ್ ಆಂಟೋನಿಯಸ್‌ಗೆ, ಅಂದರೆ ಕ್ಲಿಯೋಪಾತ್ರಳ ಆಂಟನಿಗೆ, ರೋಮ್‌ನ ಹೆಂಡತಿ ಆಕ್ಟೇವಿಯಾಳಲ್ಲಿ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಇಬ್ಬರ ಹೆಸರೂ ಆಂಟೋನಿಯಾ. ದೊಡ್ಡ ಆಂಟೋನಿಯಾ, ಚಿಕ್ಕ ಆಂಟೋನಿಯಾ, ಅಷ್ಟೇ.

ಹೀಗೆ ಮನೆಮನೆಯಲ್ಲೂ ಇದ್ದ ಸಾದಾ ಹೆಸರು ಮಾರ್ಕಸ್. ಆದರೂ ಅದಕ್ಕೆ ಎರಡು ಸಲ ಬಹಿಷ್ಕಾರ ಬಿತ್ತು, ಎರಡು ಸಲವೂ ಅರ್ಥದ ದೆಸೆಯಿಂದಲ್ಲ, ಅದನ್ನು ಹೊತ್ತವರ ದೆಸೆಯಿಂದ. ಮೊದಲನೆಯವನು ಮಾರ್ಕಸ್ ಮಾನ್ಲಿಯಸ್. ಹೆಬ್ಬಾತುಗಳ ಗದ್ದಲಕ್ಕೆ ಎಚ್ಚೆತ್ತು ರೋಮ್‌ನ ಕೋಟೆಗುಡ್ಡ ಉಳಿಸಿದ ವೀರ ಎಂದು ಕೊಂಡಾಡಿಸಿಕೊಂಡವನು. ಆಮೇಲೆ ರಾಜನಾಗಲು ಹೊರಟ ಎಂಬ ಆಪಾದನೆ ಬಂದು, ಕ್ರಿ.ಪೂ. 384ರಲ್ಲಿ ಅವನನ್ನು ಬಂಡೆಯ ಮೇಲಿಂದ ತಳ್ಳಿ ಕೊಂದರು. ಇನ್ನು ಮುಂದೆ ನಮ್ಮ ಮನೆತನದಲ್ಲಿ ಯಾರಿಗೂ ಮಾರ್ಕಸ್ ಅಂತ ಹೆಸರಿಡಬಾರದು ಎಂದು ಅವನ ಕುಲದವರೇ ತೀರ್ಮಾನಿಸಿದರು ಎಂದು ಇತಿಹಾಸಕಾರ ಲಿವಿ ಬರೆದಿದ್ದಾನೆ.

ಎರಡನೆಯದು ನನಗೆ ತುಂಬ ಹಿಡಿಸಿದ ಕಥೆ. ಮಾರ್ಕಸ್ ಟುಲ್ಲಿಯಸ್ ಸಿಸೆರೋ ದೊಡ್ಡ ಭಾಷಣಕಾರ. ಸಿಸೆರೋ ಎಂಬ ಅಡ್ಡಹೆಸರು ಕಡಲೆಕಾಳಿನಿಂದ ಬಂದದ್ದು. ಹಿರಿಯನೊಬ್ಬನ ಮೂಗಿನ ತುದಿಯಲ್ಲಿ ಕಡಲೆಯ ಹಾಗೆ ಸೀಳು ಇತ್ತಂತೆ (ನಮ್ಮ ಹಳ್ಳಿಗಳಲ್ಲೂ ಇಂಥ ಅಡ್ಡಹೆಸರಿಗೆ ಬರವೇ?). ಈ ಸಿಸೆರೋ ಆಂಟನಿಯನ್ನು ಸಭೆಯಲ್ಲಿ ಮೇಲಿಂದ ಮೇಲೆ ಝಾಡಿಸಿದ. ಕ್ರಿ.ಪೂ. 43ರಲ್ಲಿ ಆಂಟನಿ ಅವನನ್ನು ಕೊಲ್ಲಿಸಿ, ತಲೆಯನ್ನೂ ಆ ಭಾಷಣಗಳನ್ನು ಬರೆದ ಕೈಯನ್ನೂ ಅವನು ನಿಂತು ಮಾತಾಡುತ್ತಿದ್ದ ಕಟ್ಟೆಯ ಮೇಲೆಯೇ ನೇತುಹಾಕಿಸಿದ. 13 ವರ್ಷ ಕಳೆಯಿತು. ಆಂಟನಿ ಸೋತು ಸತ್ತ. ಅವನ ಪ್ರತಿಮೆಗಳು ಉರುಳಿದವು. ಆಂಟೋನಿಯಸ್ ಮನೆತನದ ಯಾವ ಗಂಡುಮಗುವಿಗೂ ಇನ್ನು ಮಾರ್ಕಸ್ ಅಂತ ಹೆಸರಿಡುವಂತಿಲ್ಲ ಎಂದು ಸೆನೆಟ್ ಆಜ್ಞೆ ಹೊರಡಿಸಿತು. ಆಗ ಕಾನ್ಸಲ್ ಎಂಬ ದೊಡ್ಡ ಅಧಿಕಾರದ ಪದವಿಯಲ್ಲಿ ಕೂತಿದ್ದವನು ಯಾರು ಗೊತ್ತೇ? ಸಿಸೆರೋನ ಮಗ. ಅವನ ಹೆಸರೂ ಮಾರ್ಕಸ್!

ಇನ್ನು ಕ್ರಿ.ಶ. 161ರಿಂದ 180ರವರೆಗೆ ಆಳಿದ ಮಾರ್ಕಸ್ ಔರೇಲಿಯಸ್ ಇದ್ದಾನೆ. ದಂಡಿನ ಪಾಳೆಯದಲ್ಲೂ ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತ, ಅದನ್ನು ಗ್ರೀಕ್‌ನಲ್ಲಿ ಬರೆದಿಟ್ಟ ಚಕ್ರವರ್ತಿ. ಬೈಬಲ್‌ನಲ್ಲಿ ಸುವಾರ್ತೆಯ ಮಾರ್ಕನೂ ಇದೇ ಹೆಸರಿನವನು. ರೋಮ್ ಮುಳುಗಿದ ಮೇಲೂ ಯೂರೋಪಿನಲ್ಲಿ ಹೆಸರು ಬದುಕಿದ್ದು ಬಹಳ ಮಟ್ಟಿಗೆ ಅವನಿಂದ. ಜರ್ಮನರು ‘ಮಾರ್ಕುಸ್’ ಎನ್ನುತ್ತಾರೆ, ಲ್ಯಾಟಿನ್ ಉಚ್ಚಾರಕ್ಕೆ ಅದೇ ಹತ್ತಿರ. ರೋಮ್‌ನ ತಾಯಿ ಮಗನನ್ನು ಊಟಕ್ಕೆ ಕೂಗುವಾಗ ಹೆಸರಿನ ಬಾಲ ಬದಲಾಗಿ ‘ಮಾರ್ಕೆ’ ಆಗುತ್ತಿತ್ತು. ನಾವು ರಾಮನನ್ನು ‘ರಾಮಾ’ ಅಂತ ಎಳೆದು ಕರೆಯುವುದಿಲ್ಲವೇ, ಹಾಗೆ. ಅಜ್ಜಿಗೆ ಇಷ್ಟವಾದರೆ ಹಾಗೇ ಕರೆಯಲಿ.

ಹೆಸರಿಡಿ, ಧೈರ್ಯವಾಗಿ ಇಡಿ. ಒಂದೇ ತೊಂದರೆ. ಹುಡುಗ ರಜೆಗೆ ಧಾರವಾಡಕ್ಕೆ ಬಂದಾಗ ಓಣಿಯ ಹುಡುಗರು ‘ಎಷ್ಟು ಮಾರ್ಕ್ಸ್ ಬಿತ್ತೋ?’ ಎಂದು ಕಾಡಿಸದೆ ಬಿಡುವುದಿಲ್ಲ. ಆ ದೋಷಕ್ಕೆ ಮಾತ್ರ ನನಗೆ ಯಾವ ಶಾಂತಿಯೂ ಗೊತ್ತಿಲ್ಲ.