ನಡುರಾತ್ರಿ ಕ್ಯಾಮೆರಾ ಕೈಕೊಟ್ಟರೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ತುಲಾ ತಿಂಗಳ ಗುಡುಗು ಮಳೆ ಹಿಂದೆ ಸರಿದ ಮೇಲಷ್ಟೇ ನಮ್ಮ ಕಾಸರಗೋಡಿನ ಆಕಾಶ ಚೆನ್ನಾಗಿ ತೆರೆದುಕೊಳ್ಳುತ್ತದೆ. ಅಲ್ಲಿಂದ ಬೇಸಿಗೆಯ ಮಸುಕು ಕವಿಯುವವರೆಗೆ ಸಿಗುವ ಚಂದ್ರನಿಲ್ಲದ ರಾತ್ರಿಗಳು ಬಹಳ ಕಡಿಮೆ. ಟೆಲಿಸ್ಕೋಪಿಗೆ ಕ್ಯಾಮೆರಾ ಕಟ್ಟಿ ಆಕಾಶದ ಚಿತ್ರ ತೆಗೆಯುವವರಿಗೆ ಅಂಥ ಒಂದು ರಾತ್ರಿಯೂ ಕಂಪ್ಯೂಟರಿನ ಕಾರಣಕ್ಕೆ ಹಾಳಾಗಬಾರದು. ಈ ಸಲ ಗಡಿಯ ಆಚೀಚೆಯಿಂದ ಬಂದ ಪ್ರಶ್ನೆಗಳೆಲ್ಲ ಇದರ ಬಗ್ಗೆಯೇ.

ಬದಿಯಡ್ಕ: ಅಡಿಕೆ ಅಂಗಳದಲ್ಲಿ ಟೆಲಿಸ್ಕೋಪ್ ಇಡುತ್ತೇನೆ. ಕೂಲಿಂಗ್ ಇರುವ ಕ್ಯಾಮೆರಾ. ಲ್ಯಾಪ್‌ಟಾಪ್ ಜಗಲಿಯಲ್ಲಿದೆ, 10 ಮೀಟರ್ ಯುಎಸ್‌ಬಿ ಕೇಬಲ್ ಎಳೆದಿದ್ದೇನೆ. ಇನ್ವರ್ಟರ್ ಬ್ಯಾಟರಿಯಿಂದ 8 ಮೀಟರ್ ವಯರಿನಲ್ಲಿ 12 ವೋಲ್ಟ್ ಕೊಡುತ್ತೇನೆ. ರಾತ್ರಿ ಹನ್ನೊಂದು ದಾಟಿದರೆ ಕ್ಯಾಮೆರಾ ‘ಡಿಸ್ಕನೆಕ್ಟ್’ ಆಗುತ್ತದೆ. ವಿಂಡೋಸ್ ಹೊಸದಾಗಿ ಹಾಕಿಸಿದರೂ ಸರಿಯಾಗಲಿಲ್ಲ.

ವಿಂಡೋಸ್ ಮುಟ್ಟುವ ಮೊದಲು ಒಂದು ಮಲ್ಟಿಮೀಟರ್ ತನ್ನಿ. ಹನ್ನೊಂದರ ಹೊತ್ತಿಗೆ ನಿಮ್ಮಲ್ಲಿ ಬದಲಾಗುವುದು ಸಾಫ್ಟ್‌ವೇರ್ ಅಲ್ಲ. ಇಬ್ಬನಿ ಬೀಳತೊಡಗುತ್ತದೆ, ನೀವು ಲೆನ್ಸ್ ಮಂಜಾಗದಂತೆ ಬೆಚ್ಚಗಿಡುವ ಡ್ಯೂ ಹೀಟರ್ ಪಟ್ಟಿಯ ಬಿಸಿ ಹೆಚ್ಚಿಸುತ್ತೀರಿ, ಬ್ಯಾಟರಿಯೂ ಅಷ್ಟರಲ್ಲಿ ಸ್ವಲ್ಪ ಇಳಿದಿರುತ್ತದೆ.

ಲೆಕ್ಕ ಹಾಕಿ ನೋಡಿ. ಕೂಲರ್ ಪೂರ್ತಿ ಓಡುವಾಗ ಸುಮಾರು 3 ಆಂಪಿಯರ್, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ಮತ್ತು ಹೀಟರ್ ತಲಾ ಒಂದು ಎಂದಿಟ್ಟುಕೊಂಡರೆ ಒಟ್ಟು 5. ಅಂಗಡಿಯಲ್ಲಿ ಸುಲಭವಾಗಿ ಸಿಗುವ ತೆಳು ವಯರು 0.75 ಚದರ ಮಿಲಿಮೀಟರಿನದು. ಅದರ ರೋಧ ಮೀಟರಿಗೆ ಸುಮಾರು 0.025 ಓಮ್. 8 ಮೀಟರ್ ದೂರಕ್ಕೆ ಹೋಗಿ ಬರುವ ತಂತಿ 16 ಮೀಟರ್, ಅಂದರೆ 0.4 ಓಮ್. 5 ಆಂಪಿಯರ್ ಹರಿದಾಗ ದಾರಿಯಲ್ಲೇ 2 ವೋಲ್ಟ್ ಸೋರಿತು. ಬ್ಯಾಟರಿಯಲ್ಲಿ 12.4 ಇದ್ದರೂ ಕ್ಯಾಮೆರಾಕ್ಕೆ ಸಿಗುವುದು 10.4. ಕೂಲರ್ ಏದುಸಿರು ಬಿಡುತ್ತದೆ, ಕ್ಯಾಮೆರಾದೊಳಗಿನ ಯುಎಸ್‌ಬಿ ಹಬ್ ಕೈಕೊಡುತ್ತದೆ. ಅದೇ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ವಯರು ಹಾಕಿದರೆ ನಷ್ಟ 0.6 ವೋಲ್ಟ್ ಮಾತ್ರ. ಬ್ಯಾಟರಿಯನ್ನೇ 3 ಮೀಟರ್ ಹತ್ತಿರ ತಂದರೆ ಕಾಲು ವೋಲ್ಟೂ ಹೋಗುವುದಿಲ್ಲ. ಪ್ಲಸ್ ಟರ್ಮಿನಲ್ ಬುಡದಲ್ಲೇ 10 ಆಂಪಿಯರ್ ಫ್ಯೂಸ್ ಇರಲಿ. ಒದ್ದೆ ಅಂಗಳದಲ್ಲಿ ಇದನ್ನು ಬಿಡಲೇಬೇಡಿ.

ಅಳೆಯುವ ಕ್ರಮವೂ ಮುಖ್ಯ. ಎಲ್ಲವೂ ಓಡುತ್ತಿರುವಾಗ, ಕ್ಯಾಮೆರಾದ ತುದಿಯಲ್ಲಿ ಅಳೆಯಿರಿ. ಸುಮ್ಮನೆ ಬ್ಯಾಟರಿಗೆ ಮೀಟರ್ ಹಿಡಿದರೆ ಯಾವಾಗಲೂ ಚೆನ್ನಾಗಿಯೇ ತೋರಿಸುತ್ತದೆ.

ಎರಡನೆಯದು ಆ 10 ಮೀಟರ್ ಕೇಬಲ್. ಯುಎಸ್‌ಬಿ 2ಕ್ಕೆ 5 ಮೀಟರ್ ಮಿತಿ, ಯುಎಸ್‌ಬಿ 3ಕ್ಕೆ 3 ಮೀಟರ್ ದಾಟದಿರುವುದು ಒಳ್ಳೆಯದು. ಉದ್ದ ಬೇಕೇ ಬೇಕೆಂದರೆ ನಡುವೆ ಸಿಗ್ನಲ್ ಬಲಪಡಿಸುವ ಆ್ಯಕ್ಟಿವ್ ಕೇಬಲ್ ಬೇಕು. ಅದಕ್ಕಿಂತ ಒಂದು ಮಿನಿ ಪಿಸಿಯನ್ನು ಟ್ರೈಪಾಡಿಗೇ ಕಟ್ಟಿ ಅರ್ಧ ಮೀಟರಿನ ಕೇಬಲ್‌ಗಳಲ್ಲಿ ಎಲ್ಲ ಜೋಡಿಸಿ, ಜಗಲಿಯಿಂದ ವೈಫೈಯಲ್ಲಿ ನೋಡುವುದು ಎಷ್ಟೋ ವಾಸಿ. ಕೊಳ್ಳುವಾಗ ಗಮನಿಸಿ: ವಿಂಡೋಸ್ ಹೋಮ್ ಇರುವ ಪಿಸಿಯೊಳಗೆ ರಿಮೋಟ್ ಡೆಸ್ಕ್‌ಟಾಪಿನಿಂದ ಹೋಗಲಾಗದು, ಪ್ರೊ ಬೇಕು; ಇಲ್ಲವಾದರೆ ಬೇರೆ ರಿಮೋಟ್ ತಂತ್ರಾಂಶ ಹಾಕಿಕೊಳ್ಳಬೇಕು.

ಮೂರನೆಯದನ್ನು ಕಣ್ಣಲ್ಲೇ ನೋಡಬೇಕು. ಟಾರ್ಚ್ ಹಿಡಿದು ಕ್ಯಾಮೆರಾದ ಹಿಂಬದಿಯ ಯುಎಸ್‌ಬಿ 3 ಪ್ಲಗ್ಗನ್ನು ಹತ್ತಿರದಿಂದ ಗಮನಿಸಿ. ಕೇಬಲ್ಲಿನ ಭಾರಕ್ಕೆ ಪ್ಲಗ್ ಕೆಳಕ್ಕೆ ಬಾಗಿ, ಮೇಲಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತದೆ. ಅಷ್ಟು ಸಾಕು. ಚಿತ್ರ ತೆಗೆಯುತ್ತಿರುವ ಆಕಾಶಕಾಯ ನೆತ್ತಿಯ ಉತ್ತರ ದಕ್ಷಿಣ ರೇಖೆ ದಾಟಿ, ಮೌಂಟ್ ಟೆಲಿಸ್ಕೋಪನ್ನು ಇನ್ನೊಂದು ಬದಿಗೆ ಮಗುಚಿದಾಗ ಕೇಬಲ್ ಎಳೆದು ಸಂಪರ್ಕ ತಪ್ಪುತ್ತದೆ. ಪ್ಲಗ್ಗಿನಿಂದ 10 ಸೆಂಟಿಮೀಟರ್ ದೂರದಲ್ಲಿ ಕೇಬಲ್ಲನ್ನು ವೆಲ್ಕ್ರೋ ಪಟ್ಟಿಯಿಂದ ಟೆಲಿಸ್ಕೋಪಿನ ಕೊಳವೆಗೆ ಕಟ್ಟಿ, ನಡುವೆ ಸಣ್ಣ ಬಳುಕು ಬಿಡಿ.

ಇಷ್ಟಾದ ಮೇಲೆ ವಿಂಡೋಸ್. ಪವರ್ ಆಪ್ಷನ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಡಿಸೇಬಲ್ ಮಾಡಿ. ಡಿವೈಸ್ ಮ್ಯಾನೇಜರ್ ತೆರೆದು ಪ್ರತಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದೆಂಬ ಮೊದಲ ಟಿಕ್ ತೆಗೆಯಿರಿ. ಮತ್ತೆ ತಪ್ಪಿದರೆ, ಕ್ಯಾಮೆರಾ ಮತ್ತು ಮೌಂಟನ್ನು ನಡೆಸುವ ನೀನಾ ತಂತ್ರಾಂಶದ ಲಾಗ್ ಕಡತದಲ್ಲಿ ತಪ್ಪಿದ ನಿಮಿಷವನ್ನು ಹುಡುಕಿ. ಆ ನಿಮಿಷಕ್ಕೆ ಮೌಂಟ್ ತಿರುಗುತ್ತಿತ್ತೇ? ಹಾಗಿದ್ದರೆ ಕೇಬಲ್. ಕೂಲರ್ ಶೇಕಡಾ 100ಕ್ಕೆ ಏರಿತ್ತೇ? ವಿದ್ಯುತ್. ಒಂದು ರಾತ್ರಿಗೆ ಒಂದನ್ನೇ ಬದಲಿಸಿ, ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಅಕ್ಕಲಕೋಟೆ: ಆರಿಸಿದ ನಕ್ಷತ್ರದತ್ತ ತಾನೇ ತಿರುಗುವ ಗೋಟು ಮೌಂಟ್ ಹೊಸದು. ಹ್ಯಾಂಡ್ ಕಂಟ್ರೋಲರಿನಲ್ಲಿ ಊರು, ಸಮಯ ಎಲ್ಲ ತುಂಬಿದ್ದೇನೆ. ಆದರೂ ನಕ್ಷತ್ರ ಬಿಟ್ಟು ಎಲ್ಲೋ ಹೋಗಿ ನಿಲ್ಲುತ್ತದೆ.

ಎಷ್ಟು ದೂರ ಹೋಗಿ ನಿಲ್ಲುತ್ತದೆ ಎನ್ನುವುದೇ ಕಾರಣ ಹೇಳುತ್ತದೆ. ಪೂರ್ವ ಪಶ್ಚಿಮವಾಗಿ 7.5 ಡಿಗ್ರಿ ತಪ್ಪಿದರೆ ಟೈಮ್ ಝೋನ್ 5:30 ಬದಲು 5 ಅಥವಾ 6 ಎಂದಾಗಿದೆ. 15 ಡಿಗ್ರಿ ತಪ್ಪಿದರೆ ‘ಡೇಲೈಟ್ ಸೇವಿಂಗ್’ ಎಂಬಲ್ಲಿ ‘ಯೆಸ್’ ಒತ್ತಿದ್ದೀರಿ; ನಮ್ಮ ದೇಶದಲ್ಲಿ ಅದಿಲ್ಲ. ಸುಮಾರು 85 ಡಿಗ್ರಿ ತಪ್ಪಿದರೆ ತಾರೀಕು ನೋಡಿ. ಸಿನ್‌ಸ್ಕ್ಯಾನ್ ಮೊದಲಾದ ಕಂಟ್ರೋಲರುಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಫೆಬ್ರವರಿ 5ನ್ನು ನಮ್ಮ ರೂಢಿಯಂತೆ 05/02 ಎಂದು ಒತ್ತಿದರೆ ಅದು ಮೇ 2 ಎಂದು ಓದಿಕೊಂಡು 86 ದಿನ ಮುಂದಿನ ಆಕಾಶಕ್ಕೆ ತಿರುಗುತ್ತದೆ.

ಊರಿನ ಅಂಕಿಯಲ್ಲೂ ಎಡವುತ್ತಾರೆ. ಮೊಬೈಲ್ ನಕ್ಷೆ ಅಕ್ಕಲಕೋಟೆಯನ್ನು 17.52, 76.20 ಎಂದು ದಶಮಾಂಶದಲ್ಲಿ ತೋರಿಸುತ್ತದೆ. ಕಂಟ್ರೋಲರ್ ಕೇಳುವುದು ಡಿಗ್ರಿ, ಮಿನಿಟು. ಚುಕ್ಕೆಯ ನಂತರದ್ದನ್ನು 60ರಿಂದ ಗುಣಿಸಿ: 17 ಡಿಗ್ರಿ 31 ಮಿನಿಟು, 76 ಡಿಗ್ರಿ 12 ಮಿನಿಟು. ಇದು ತಪ್ಪಿದರೂ ಚಂದ್ರಬಿಂಬಕ್ಕಿಂತ ಹೆಚ್ಚು ದೂರ ತಪ್ಪದು, ಆದ್ದರಿಂದ ತಾರೀಕನ್ನೇ ಮೊದಲು ನೋಡಿ.

ಕುಂಬಳೆ: 400 ಮಿಲಿಮೀಟರ್ ಫೋಕಲ್ ದೂರದ ಟೆಲಿಸ್ಕೋಪ್, ಕ್ಯಾನನ್ 1500ಡಿ ಕ್ಯಾಮೆರಾ. ಧ್ರುವ ನಕ್ಷತ್ರ ತೆಂಗಿನ ತೋಟದ ಹಿಂದೆ ಮರೆಯಾಗಿರುವುದರಿಂದ ಪ್ಲೇಟ್ ಸಾಲ್ವಿಂಗನ್ನೇ (ಚಿತ್ರದ ನಕ್ಷತ್ರಗಳಿಂದ ಟೆಲಿಸ್ಕೋಪ್ ಎತ್ತ ನೋಡುತ್ತಿದೆಯೆಂದು ಗುರುತಿಸುವ ಕ್ರಮ) ನಂಬಿದ್ದೇನೆ. ಫೋಕಲ್ ದೂರ ತಗ್ಗಿಸುವ 0.8 ರೆಡ್ಯೂಸರ್ ಲೆನ್ಸ್ ಹಾಕಿದ ಮೇಲೆ ಪ್ರತಿಸಲ ಫೇಲ್ ಆಗುತ್ತಿದೆ.

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. 0.8 ಹಾಕಿದ ಮೇಲೆ ನಿಮ್ಮ ಟೆಲಿಸ್ಕೋಪ್ 400 ಅಲ್ಲ, 320. ತಂತ್ರಾಂಶದಲ್ಲಿ ಹಳೆಯ ಅಂಕಿಯೇ ಉಳಿದಿರಬೇಕು. ಪಿಕ್ಸೆಲ್ ಅಳತೆಯನ್ನು 206.265ರಿಂದ ಗುಣಿಸಿ ಫೋಕಲ್ ದೂರದಿಂದ ಭಾಗಿಸಿ. ನಿಮ್ಮ ಕ್ಯಾಮೆರಾದ ಪಿಕ್ಸೆಲ್ 3.72 ಮೈಕ್ರಾನ್. 400ಕ್ಕೆ ಪಿಕ್ಸೆಲಿಗೆ 1.92 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲೊಂದು ಪಾಲು), 320ಕ್ಕೆ 2.40. ಆಸ್ಟ್ಯಾಪ್ ಎಂಬ ಸಾಲ್ವಿಂಗ್ ತಂತ್ರಾಂಶ ಒಂದು ಅಳತೆಯ ಚೌಕಟ್ಟು ಹಿಡಿದು ಹುಡುಕುವಾಗ ನೀವು ಕೊಟ್ಟ ಚಿತ್ರ ಕಾಲುಪಾಲು ದೊಡ್ಡ ಚೌಕಟ್ಟಿನದು. ನಕ್ಷತ್ರಗಳ ಹೊಂದಿಕೆ ಕೂಡುವುದಿಲ್ಲ.

ಅಂಕಿ ಸರಿಯಿದ್ದೂ ಫೇಲ್ ಆದರೆ ಆಸ್ಟ್ಯಾಪ್‌ನ ನಕ್ಷತ್ರ ಕೋಶವನ್ನು ಪ್ರತ್ಯೇಕವಾಗಿ ಇಳಿಸಿಕೊಂಡಿದ್ದೀರಾ ನೋಡಿ. ತಂತ್ರಾಂಶ ಮಾತ್ರ ಹಾಕಿ ಕೋಶ ಮರೆಯುವವರು ಬಹಳ. ಆಮೇಲೆ ಫೋಕಸ್. ನಕ್ಷತ್ರ ಚುಕ್ಕಿಯಾಗಿರದೆ ಬಳೆಯಂತಿದ್ದರೆ ಯಾವ ಸಾಲ್ವರೂ ಗುರುತಿಸದು. ಕಡಲ ತೀರದ ತೇವಕ್ಕೆ ಲೆನ್ಸ್ ಮಂಜಾಗಿದ್ದರೂ ಇದೇ ಗತಿ.

ಧ್ರುವದ ಬಗ್ಗೆ ಚಿಂತೆ ಬೇಡ. ಕಾಸರಗೋಡಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 12.5 ಡಿಗ್ರಿಯಷ್ಟೇ ಮೇಲಿರುತ್ತದೆ, ಅಂಗಳದಿಂದ ಕಂಡರೆ ಅದೃಷ್ಟ. ಮೌಂಟಿನ ಅಕ್ಷವನ್ನು ಧ್ರುವಕ್ಕೆ ಹೊಂದಿಸಿಕೊಡುವ ನೀನಾದ ‘ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್’ ಪ್ಲಗಿನ್ ಆಕಾಶದ ಯಾವ ಭಾಗದಿಂದಲೂ ನಡೆಯುತ್ತದೆ. ಶಾರ್ಪ್‌ಕ್ಯಾಪ್ ತಂತ್ರಾಂಶದಲ್ಲಿ ಇದೇ ಕೆಲಸದ ಉಪಕರಣಕ್ಕೆ ಮಾತ್ರ ಧ್ರುವದ ಸಮೀಪದ ಆಕಾಶ ಕಾಣಲೇಬೇಕು, ಆದ್ದರಿಂದ ನಿಮಗೆ ಅದು ಹೊಂದದು.

ಹೊಸೂರು: ಗುರುಗ್ರಹದ ವಿಡಿಯೊ ತೆಗೆಯುವಾಗ ಅರ್ಧಕ್ಕರ್ಧ ಫ್ರೇಮ್ ಬಿಟ್ಟುಹೋಗುತ್ತವೆ. ಕ್ಯಾಮೆರಾ ಕೆಟ್ಟಿದೆಯೇ?

ಕ್ಯಾಮೆರಾ ಸರಿಯಾಗಿದೆ, ಬರೆದುಕೊಳ್ಳುವ ಡಿಸ್ಕ್ ಸಾಲುತ್ತಿಲ್ಲ. 1936×1096ರ ಪೂರ್ತಿ ಚೌಕಟ್ಟು 8 ಬಿಟ್‌ನಲ್ಲಿ ಒಂದು ಫ್ರೇಮಿಗೆ 2.1 ಎಂಬಿ. ಸೆಕೆಂಡಿಗೆ 100 ಎಂದರೆ 212 ಎಂಬಿ. ಯುಎಸ್‌ಬಿ 2 ತೂತಿನಲ್ಲಿ ಹಾದುಹೋಗುವುದು ಸುಮಾರು 40, ಲ್ಯಾಪ್‌ಟಾಪಿನ ಹಳೆಯ ಹಾರ್ಡ್‌ಡಿಸ್ಕ್ ಬರೆಯುವುದು ಸುಮಾರು 100. 16 ಬಿಟ್ ಆರಿಸಿದ್ದರೆ ಹೊರೆ ಇಮ್ಮಡಿ.

ಗುರು 45 ಆರ್ಕ್‌ಸೆಕೆಂಡ್ ಅಗಲ ಇದ್ದಾಗ, ಪಿಕ್ಸೆಲಿಗೆ 0.2 ಆರ್ಕ್‌ಸೆಕೆಂಡ್ ಹಿಡಿದರೂ, ಅದು ಕೂರುವುದು 225 ಪಿಕ್ಸೆಲ್ ಜಾಗದಲ್ಲಿ. 640×480ರ ಕಿಟಕಿ ಧಾರಾಳ. 200 ಫ್ರೇಮಿಗೂ ಸೆಕೆಂಡಿಗೆ 61 ಎಂಬಿ ಸಾಕು. 3 ನಿಮಿಷಕ್ಕೆ 11 ಜಿಬಿ. ಯುಎಸ್‌ಬಿ 3 ತೂತು, ಎಸ್‌ಎಸ್‌ಡಿ, 8 ಬಿಟ್. ಎಕ್ಸ್‌ಪೋಶರ್ 5 ಮಿಲಿಸೆಕೆಂಡ್ ದಾಟಿದರೆ 200 ಫ್ರೇಮ್ ಸಿಗಲಾರವು, ಅದು ಡ್ರೈವರಿನ ದೋಷವಲ್ಲ. ಚಿತ್ರ ಉಳಿಸುವ ಫೋಲ್ಡರನ್ನು ಆ್ಯಂಟಿವೈರಸ್ ಪಟ್ಟಿಯಿಂದ ಹೊರಗಿಡಿ. ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿಯೇ ನಡೆಸಿ, ಬ್ಯಾಟರಿಯಲ್ಲಿ ಅದು ವೇಗ ತಗ್ಗಿಸುತ್ತದೆ. ಒಂದೊಂದು ವಿಡಿಯೊ 2ರಿಂದ 3 ನಿಮಿಷ ಇರಲಿ. ಗುರು 10 ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ಉದ್ದ ಎಳೆದರೆ ಪಟ್ಟೆಗಳ ವಿವರ ಕದಡುತ್ತದೆ.

ಮಂಜೇಶ್ವರ: ಒಂದು ನಕ್ಷತ್ರವನ್ನು ಗಮನಿಸುತ್ತ ಮೌಂಟಿನ ಚಲನೆ ತಿದ್ದುವ ಪಿಎಚ್‌ಡಿ2 ತಂತ್ರಾಂಶದಲ್ಲಿ ಕ್ಯಾಲಿಬ್ರೇಶನ್ ಮಾಡಿದರೆ ನಕ್ಷತ್ರ ಸಾಕಷ್ಟು ಸರಿಯಲಿಲ್ಲ ಎಂದು ನಿಲ್ಲುತ್ತದೆ.

ನಕ್ಷತ್ರ ಕೊಂಚವೂ ಅಲುಗದಿದ್ದರೆ ಮೌಂಟ್ ಎಂಬಲ್ಲಿ ಏನು ಆರಿಸಿದ್ದೀರಿ ನೋಡಿ. ‘ಆನ್ ಕ್ಯಾಮೆರಾ’ ಎಂದಿದ್ದು, ಕ್ಯಾಮೆರಾದಿಂದ ಮೌಂಟಿಗೆ ಎಸ್‌ಟಿ4 ವಯರು ಹಾಕಿರದಿದ್ದರೆ ಆದೇಶ ತಲುಪುವುದೇ ಇಲ್ಲ. ಕಂಪ್ಯೂಟರಿನಿಂದಲೇ ಮೌಂಟಿಗೆ ಆದೇಶ ಕಳಿಸುವ ‘ಆಸ್ಕಾಮ್’ ಮೌಂಟ್ ಆರಿಸಿ, ಆ ವಯರೇ ಬೇಡ. ಸರಿದರೂ ಸಾಲದೆಂದರೆ ಗೈಡ್‌ಸ್ಕೋಪಿನ (ಆ ನಕ್ಷತ್ರವನ್ನು ಗಮನಿಸುವ ಸಣ್ಣ ಟೆಲಿಸ್ಕೋಪ್) ಫೋಕಲ್ ದೂರ ತಪ್ಪಾಗಿ ತುಂಬಿರಬೇಕು, ಅಥವಾ ಮೌಂಟಿನ ಗೈಡ್ ವೇಗ ತೀರಾ ಕಡಿಮೆ ಇರಬೇಕು, ಅದನ್ನು 0.5ಕ್ಕೆ (ನಕ್ಷತ್ರಗಳು ಸರಿಯುವ ವೇಗದ ಅರ್ಧಕ್ಕೆ) ಇಡಿ. ಪ್ರತಿ ದಿಕ್ಕಿಗೆ 8ರಿಂದ 14 ಹೆಜ್ಜೆಯಲ್ಲಿ ಮುಗಿದರೆ ಹದ. ಕ್ಯಾಲಿಬ್ರೇಶನನ್ನು ಖಗೋಳ ವಿಷುವದ (ಭೂಮಧ್ಯರೇಖೆಯ ನೇರ ಮೇಲಿನ ಆಕಾಶರೇಖೆ) ಬಳಿ ಮಾಡಬೇಕು. ನಿಮ್ಮಲ್ಲಿ ಅದು ನೆತ್ತಿಯಿಂದ ತುಸು ದಕ್ಷಿಣಕ್ಕೆ, ಸುಮಾರು 77 ಡಿಗ್ರಿ ಎತ್ತರದಲ್ಲಿ ಹಾದುಹೋಗುತ್ತದೆ. ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳು ಮೇಲೇರಿದಾಗ ಅವುಗಳ ಪಕ್ಕದಲ್ಲೇ ಮಾಡಿ.

ಪೈವಳಿಕೆ: ಪದವಿನಲ್ಲಿ (ಗುಡ್ಡದ ಮೇಲಿನ ಬಯಲಿನಲ್ಲಿ) ರಾತ್ರಿ ಎರಡು ಗಂಟೆಗೆ ಲ್ಯಾಪ್‌ಟಾಪ್ ತಾನಾಗಿಯೇ ರೀಸ್ಟಾರ್ಟ್ ಆಯಿತು.

ಅಪ್‌ಡೇಟ್. ಹೊರಡುವ ಹಗಲಲ್ಲೇ ಬಾಕಿ ಅಪ್‌ಡೇಟ್ ಮುಗಿಸಿ, ಮುಂದಿನವನ್ನು ಒಂದು ವಾರ ತಡೆಹಿಡಿಯಲು ‘ಪಾಝ್’ ಒತ್ತಿ. ‘ಆ್ಯಕ್ಟಿವ್ ಅವರ್ಸ್’ ಸಂಜೆ 4ರಿಂದ ಬೆಳಿಗ್ಗೆ 8. ಸ್ಲೀಪ್ ‘ನೆವರ್’, ಮುಚ್ಚಳ ಮುಚ್ಚಿದರೆ ‘ಡು ನಥಿಂಗ್’.

ಮುಳ್ಳೇರಿಯ: ಕಾರಿನ ಇನ್ವರ್ಟರಿನಿಂದ ಲ್ಯಾಪ್‌ಟಾಪ್ ಚಾರ್ಜ್ ಮಾಡುವಾಗ ಮೌಂಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಚಿತ್ರದಲ್ಲೂ ಗೆರೆ.

ಚಾರ್ಜರಿನೊಳಗೆ ಗದ್ದಲ ಸೋಸುವ ಕೆಪಾಸಿಟರ್ ಇದೆ. ಅರ್ಥಿಂಗ್ ಇಲ್ಲದಾಗ ಅದರಿಂದ ಸೋರುವ ಅಲ್ಪ ಕರೆಂಟು ಲ್ಯಾಪ್‌ಟಾಪಿನ ಮೈಗೆ, ಯುಎಸ್‌ಬಿ ಕವಚದ ಮೂಲಕ ಕ್ಯಾಮೆರಾಕ್ಕೆ, ಅಲ್ಲಿಂದ ಮೌಂಟಿಗೆ ಬರುತ್ತದೆ. ಗೆರೆಗಳ ಮೂಲವೂ ಹೆಚ್ಚಾಗಿ ಅದೇ. ನಿಮ್ಮ ಲ್ಯಾಪ್‌ಟಾಪಿನ ವೋಲ್ಟಿಗೆ ಹೊಂದುವ ಡಿಸಿ ಕಾರ್ ಚಾರ್ಜರ್ ತಂದರೆ ಇನ್ವರ್ಟರನ್ನೇ ತೆಗೆದುಹಾಕಬಹುದು, ಬ್ಯಾಟರಿಯೂ ಹೆಚ್ಚು ಹೊತ್ತು ಬಾಳುತ್ತದೆ. ಅಲ್ಲಿಯವರೆಗೆ ಯುಎಸ್‌ಬಿ ವಯರುಗಳನ್ನೆಲ್ಲ ಮೊದಲು ಜೋಡಿಸಿ, ಚಾರ್ಜರನ್ನು ಕೊನೆಗೆ ಹಾಕಿ. ಚಾರ್ಜರ್ ಓಡುತ್ತಿರುವಾಗ ಪ್ಲಗ್ ಸಿಕ್ಕಿಸಿದರೆ ಆ ಕಿಡಿಗೆ ಕ್ಯಾಮೆರಾದ ಯುಎಸ್‌ಬಿ ಚಿಪ್ ಸುಟ್ಟುಹೋಗಬಹುದು.