ಮಾರ್ಕೋನಹಳ್ಳಿ: ಹೂಳಿಗಿಂತ ಮೊದಲು ನೋಡಬೇಕಾದದ್ದು

(ಮಾರ್ಕೋನಹಳ್ಳಿ ಅಚ್ಚುಕಟ್ಟಿನ ರೈತರೊಬ್ಬರು ಕುಣಿಗಲ್ ತಾಲ್ಲೂಕಿನಿಂದ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು: "ಜಲಾಶಯ ಕಟ್ಟಿದ್ದು ನಮ್ಮ ಗದ್ದೆಗಳಿಗೆ. ಈಗ ಕುಡಿಯುವ ನೀರು, ಮೀನು, ಪ್ರವಾಸಿಗರು ಅಂತ ಎಲ್ಲರೂ ಪಾಲಿಗೆ ಬರುತ್ತಾರೆ. ಹಳೇ ಕಟ್ಟೆಗೆ ದುಡ್ಡು ಸುರಿಯುವ ಬದಲು ಹೂಳು ತೆಗೆಸಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ.")

ಪ್ರಿಯ ರೈತಮಿತ್ರರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಹೂಳಿನ ಮಾತಿಗೆ ನಾನು ತಲೆದೂಗಲಾರೆ.

ಲೆಕ್ಕ ಹಾಕಿ ನೋಡೋಣ. ಮಾರ್ಕೋನಹಳ್ಳಿಯ ಸಾಮರ್ಥ್ಯ ಸುಮಾರು 2.4 ಟಿಎಂಸಿ, ಅಂದರೆ 6.8 ಕೋಟಿ ಘನ ಮೀಟರ್. ಹತ್ತರಲ್ಲಿ ಒಂದು ಪಾಲು ಹೂಳು ಕೂತಿದೆ ಎಂದು ಮಾತಿಗೆ ಇಟ್ಟುಕೊಳ್ಳಿ. ಅದೇ 68 ಲಕ್ಷ ಘನ ಮೀಟರ್ ಮಣ್ಣು. ಒಂದು ಟಿಪ್ಪರಿಗೆ ಹತ್ತು ಘನ ಮೀಟರ್ ತುಂಬಿದರೂ 6.8 ಲಕ್ಷ ಲೋಡು. ದಿನಕ್ಕೆ ಇನ್ನೂರು ಲೋಡು ಎತ್ತಿದರೆ ಒಂಬತ್ತು ವರ್ಷ ಮೀರುತ್ತದೆ. ಅಷ್ಟರೊಳಗೆ ಜಲಾಶಯಕ್ಕೆ ಹರಿದು ಬರುವ ಶಿಂಷಾ ನದಿ ಹೊಸ ಹೂಳು ತಂದು ಹಾಕಿರುತ್ತಾಳೆ. ಊರ ಕೆರೆಯ ಮಾತು ಬೇರೆ. ಬೇಸಿಗೆಯಲ್ಲಿ ಕೆರೆಗೋಡು ಹೊತ್ತು ಹೊಲಕ್ಕೆ ಚೆಲ್ಲುವುದು ನಮ್ಮ ತುಮಕೂರು, ಕೋಲಾರ ಸೀಮೆಯ ಹಳೆಯ ಪದ್ಧತಿ. ಅಲ್ಲಿ ಹೂಳೇ ಗೊಬ್ಬರ. ಇಷ್ಟು ದೊಡ್ಡ ಜಲಾಶಯಕ್ಕೆ ಅದೇ ಮದ್ದು ನಾಟುವುದಿಲ್ಲ. ಮೇಲಿನ ಹಳ್ಳಗಳಲ್ಲೇ ಮಣ್ಣು ತಡೆಯಬೇಕು.

ಹಾಗಾದರೆ ಮೊದಲು ಏನು ನೋಡಬೇಕು? ಮಾರ್ಕೋನಹಳ್ಳಿ ಕಟ್ಟೆ ನಡುವೆ ಕಲ್ಲಿನದು, ಎರಡೂ ಕಡೆ ಮಣ್ಣಿನ ಏರಿ. ಮಣ್ಣಿನ ಏರಿಯ ಆಯಸ್ಸು ಅದರ ಹಿಂಬದಿಯ ಬುಡದಲ್ಲಿರುತ್ತದೆ. ನಮ್ಮೂರ ಕೆರೆಯ ನೀರುಗಂಟಿ ಅಜ್ಜ ಏರಿ ಕೆಳಗೆ ಜಿನುಗುವ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡುತ್ತಿದ್ದರು. ತಿಳಿಯಾಗಿದ್ದರೆ ಚೆಲ್ಲಿ ಮುಂದೆ ಹೋಗುವರು. ತಳದಲ್ಲಿ ಒಂದು ಚಿಟಿಕೆ ಮಣ್ಣು ಕೂತರೂ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. ಏರಿ ಅಂದರೆ ಜಿನುಗುವುದು ಸಹಜ; ಜಿನುಗಿನ ಜೊತೆ ಮಣ್ಣು ಬಂದರೆ ಒಳಗೆ ಬಿಲ ಕೊರೆಯುತ್ತಿದೆ ಅಂತ ಅರ್ಥ. ಇವತ್ತಿನ ಎಂಜಿನಿಯರುಗಳು ಜಿನುಗನ್ನು ಅಳೆಯುತ್ತಾರೆ, ಬುಡದಲ್ಲಿ ಮರಳು-ಜಲ್ಲಿಯ ಸೋಸುಪದರ ಹಾಕುತ್ತಾರೆ. ಅಜ್ಜನ ಲೋಟ ಹೇಳುತ್ತಿದ್ದದ್ದೂ ಅದನ್ನೇ. ಏರಿಯ ಮೇಲೆ ಬೆಳೆದ ಜಾಲಿ ಕೀಳುವುದು, ಇಲಿ-ಏಡಿ ಬಿಲ ಮುಚ್ಚುವುದು, ಕುಸಿದ ಕಲ್ಲುಕಟ್ಟನ್ನು ಸರಿಪಡಿಸುವುದು, ಇವು ಸಣ್ಣ ಖರ್ಚಿನ ಕೆಲಸಗಳು. ಇವುಗಳನ್ನು ಮುಂದೂಡಿದ್ದೇ ಕೋಟಿಗಳ ಬಿಲ್ಲಾಗುತ್ತದೆ.

ಇನ್ನು ಸೈಫನ್, ಅಂದರೆ ಹೆಚ್ಚಾದ ನೀರನ್ನು ಎಳೆದು ಹೊರಹಾಕುವ ಬಾಗಿದ ಕೊಳವೆ. ಮಾರ್ಕೋನಹಳ್ಳಿಯ ಹೆಮ್ಮೆ ಅದು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಿಲ್ಲ, ತಾನೇ ಎಳೆದುಕೊಂಡು ಹೊರಹಾಕುತ್ತದೆ. ಆದ್ದರಿಂದಲೇ ಕೆಳಗೆ ನಿಂತವರಿಗೆ ಅದು ಹೇಳಿ ಬರುವುದಿಲ್ಲ. ಗಾಳಿಯನ್ನು ಒಳಬಿಟ್ಟು ಆ ಹರಿವನ್ನು ನಿಲ್ಲಿಸುವ ಗಾಳಿಕಿಂಡಿ ಕಟ್ಟಿಕೊಂಡರೆ ನಿಲ್ಲಬೇಕಾದ ಮಟ್ಟದಲ್ಲಿ ನಿಲ್ಲುವುದೂ ಇಲ್ಲ. ಆ ಕಿಂಡಿಗಳನ್ನು ಮಳೆಗಾಲಕ್ಕೆ ಮುಂಚೆ ಶುಚಿಮಾಡುವುದು, ಕೆಳಗೆ ಸೈರನ್ ಇಡುವುದು, ನದಿಪಾತ್ರಕ್ಕೆ ಜನ ಇಳಿಯದಂತೆ ಬೇಲಿ ಹಾಕುವುದು ದುರಸ್ತಿಯ ಪಟ್ಟಿಯಲ್ಲಿ ಮೊದಲು ಬರಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟಿನ ಸರಪಳಿ ತುಂಡಾಗಿ, ತುಂಬಿದ ಜಲಾಶಯದ ನೀರು ನದಿಗೆ ಹರಿದುಹೋದದ್ದನ್ನು ಮರೆಯಬೇಡಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ ಕಡ್ಡಾಯ ಮಾಡಿದೆ. ತಪಾಸಣೆಯ ವರದಿಯಲ್ಲಿ ಏನಿದೆ ಎಂದು ಕೇಳಿ.

ಪಾಲಿನ ಪ್ರಶ್ನೆಗೆ ಬರುತ್ತೇನೆ. ನಿಮ್ಮ ನೋವು ಇರುವುದು ಅಲ್ಲೇ. ಕುಡಿಯುವ ನೀರನ್ನು ಬೇಡ ಅನ್ನಲಾಗದು. ನಿಮ್ಮ ಮನೆಯ ನಲ್ಲಿಗೂ ನೀರು ಬೇಕು. ಆದರೆ ಯಾರಿಗೆ ಎಷ್ಟು, ಯಾವ ಮಟ್ಟದವರೆಗೆ ಎಂಬುದನ್ನು ಬರೆದಿಡದೆ ಹೊಸ ಪೈಪು ಎಳೆದರೆ ಸೊರಗುವುದು ನಾಲೆಯ ಕೊನೆಯ ರೈತ. ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಎರಡನೇ ಹಂತದವರೆಗೆ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು, ಹಳೇ ಕೆರೆಗಳಿಗೆ ಬಂತು. ಬತ್ತಿದ ಕೊಳವೆಬಾವಿಗಳಲ್ಲಿ ಮತ್ತೆ ನೀರು ಕಂಡವರಿದ್ದಾರೆ. ಆದರೆ ಅಂತರ್ಜಲಕ್ಕೆಂದೇ ತುಂಬಿಸಿದ ಆ ಕೆರೆಗಳಿಗೆ ನೇರವಾಗಿ ಪಂಪು ಇಡುವಂತಿಲ್ಲ. ನೀರನ್ನು ಮೂರನೇ ಹಂತದವರೆಗೂ ಶುದ್ಧೀಕರಿಸಿ ಎಂಬ ಕೂಗೂ ನಿಂತಿಲ್ಲ. ಕೆರೆಗೆ ಹೊಸ ಬಳಕೆ ಸೇರಿದಾಗ ಹಳೆಯ ಬಳಕೆದಾರನ ಹಕ್ಕು ಹೇಗೆ ಬದಲಾಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಆದ್ದರಿಂದ ನನ್ನ ಅಭಿಪ್ರಾಯ ಇದು: ಕುಡಿಯಲು ಕೆಳಮಟ್ಟದ ಒಂದು ಪಾಲು ಮೀಸಲಿರಲಿ, ಅದರ ಮೇಲಿನದು ಅಚ್ಚುಕಟ್ಟಿಗೆ ಎಂದು ಲಿಖಿತವಾಗಲಿ. ಮೀನು ಹಿಡಿಯುವವರಿಗೂ ಆ ಕೆಳಪಾಲಿನಿಂದ ಬೇಸಿಗೆಯಲ್ಲಿ ಜೀವ ಉಳಿಯುತ್ತದೆ. ಅಳತೆಗೋಲು ಏರಿಯ ಮೇಲೆ ಎಲ್ಲರಿಗೂ ಕಾಣುವಂತೆ ನಿಲ್ಲಲಿ. ನಾಲೆ ದುರಸ್ತಿ ಕೊನೆಯ ತೂಬಿನಿಂದ ಶುರುವಾಗಿ ಮೇಲಕ್ಕೆ ಬರಲಿ. ಸಾಮಾನ್ಯವಾಗಿ ನಡೆಯುವುದು ಅದಕ್ಕೆ ತದ್ವಿರುದ್ಧ.

ನೀರು ಬಳಕೆದಾರರ ಸಂಘದ ಮುಂದಿನ ಸಭೆಗೆ ನಿಮ್ಮ ನಾಲ್ಕು ಪುಟವನ್ನೂ ಒಯ್ಯಿರಿ, ನಡಾವಳಿಯಲ್ಲಿ ಬರೆಸಿ. ನಿಮ್ಮ ಹೊಲದ ಹತ್ತಿರದ ಕೊನೆಯ ತೂಬಿಗೆ ನೀರು ಬಂದ ದಿನ, ನಿಂತ ದಿನ ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿ ನಮಗೆ ಕಳುಹಿಸಿ. ಅದನ್ನು ಇದ್ದಂತೆಯೇ ಅಚ್ಚು ಹಾಕುತ್ತೇವೆ.

- ಸಂಪಾದಕ