ಮದ್ದು ಮಂಗಳೂರಿನದ್ದು, ಸರ್ಟಿಫಿಕೇಟು ಕಾಸರಗೋಡಿನದ್ದು

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಮನೆ ಮಾಡುವ ಮೊದಲೇ ನೀವು ಕೇಳಿದ್ದು ಒಳ್ಳೆಯದಾಯಿತು. ತಂದೆಯವರಿಗೆ ನಡೆಯಲು ಕಷ್ಟ, ಕಾರು ನಿಲ್ಲಿಸಲು ಅಂಗವಿಕಲರ ಪಾಸ್ ಎಲ್ಲಿ, ಯಾವ ಡಾಕ್ಟರ ಪತ್ರ ಬೇಕು ಅಂತ ತಾನೆ? ಅಮೆರಿಕದಲ್ಲಿ ಕಾರಿನ ಕನ್ನಡಿಗೆ ನೇತುಹಾಕುತ್ತಾರಲ್ಲ, ಅಂಥ ದೇಶಕ್ಕೆಲ್ಲ ಒಂದೇ ಪಾಸು ನಮ್ಮಲ್ಲಿಲ್ಲ ಮಾರಾಯ್ರೆ. ಗಾಲಿಕುರ್ಚಿಯ ಚಿತ್ರ ಬರೆದ ಜಾಗದಲ್ಲಿ ಯಾರಾದರೂ ತಡೆದರೆ ತೋರಿಸಲು ಇರುವುದು ಯುಡಿಐಡಿ ಕಾರ್ಡು, ಅಂದರೆ ಸರಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ.

ಆ ಕಾರ್ಡಿನ ವಿಷಯದಲ್ಲೇ ನಮ್ಮ ಗಡಿನಾಡಿನ ತಾಪತ್ರಯ ಶುರುವಾಗುವುದು. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಜ್ವರ ಸ್ವಲ್ಪ ಜೋರಾದರೂ ಮಂಗಳೂರೇ ಗತಿ. 2020ರ ಲಾಕ್‌ಡೌನಿನಲ್ಲಿ ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ನಮ್ಮ ರೋಗಿಗಳು ಪಟ್ಟ ಪಾಡು ಇನ್ನೂ ಮರೆತಿಲ್ಲ. ಆದರೆ ಮಂಗಳೂರು ಬಳಿಯ ದೇರಳಕಟ್ಟೆಯ ಖಾಸಗಿ ಡಾಕ್ಟರು ಎಷ್ಟೇ ವಿವರವಾಗಿ ಬರೆದುಕೊಟ್ಟರೂ ಅದು ದಾಖಲೆ ಮಾತ್ರ, ಅಂಗವೈಕಲ್ಯದ ಸರ್ಟಿಫಿಕೇಟಲ್ಲ. ಅಂಗವಿಕಲರ ಹಕ್ಕುಗಳ 2017ರ ಕೇಂದ್ರ ನಿಯಮದಲ್ಲಿ ಚಿಕಿತ್ಸೆ ಪಡೆದ ಸರಕಾರಿ ಆಸ್ಪತ್ರೆಯಲ್ಲೂ ಅರ್ಜಿ ಹಾಕಲು ದಾರಿಯಿತ್ತು, ನಿಜ. ಆದರೂ ವಿಳಾಸ ಕೇರಳದ್ದಾದರೆ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವ ಇಲ್ಲಿನ ಮೆಡಿಕಲ್ ಬೋರ್ಡಿಗೆ ಹೋಗುವುದೇ ಸಲೀಸು ಅಂತ ನನ್ನ ಅಭಿಪ್ರಾಯ. ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರವಾದ ಅಕ್ಷಯದಲ್ಲಿ ಅರ್ಜಿ ಹಾಕಿಸಿ. ಅದಕ್ಕಿಂತ ಮೊದಲು ತಂದೆಯವರ ಆಧಾರಿನಲ್ಲಿ ಈಚೆಯ ವಿಳಾಸ ಮಾಡಿಸಿಕೊಳ್ಳಿ. ಆಸ್ಪತ್ರೆಯ ಚೀಟಿಯಲ್ಲಿ ಪೂರ್ತಿ ಹೆಸರು, ಆಧಾರಿನಲ್ಲಿ ಬರೇ ಇನಿಶಿಯಲ್ ಇದ್ದರೆ ಅದನ್ನೂ ಸರಿಪಡಿಸಿ.

ಬೋರ್ಡಿನವರು ನೋಡುವುದು ಕಾಯಿಲೆಯ ಹೆಸರನ್ನಲ್ಲ, ಅದರಿಂದ ಮನುಷ್ಯನಿಗೆ ಏನೇನು ಮಾಡಲು ಆಗುವುದಿಲ್ಲ ಎಂಬುದನ್ನು. ನಮ್ಮ ಹಿರಿಯರಿಗೆ ಇದು ತಲೆಗೆ ಹೋಗುವುದಿಲ್ಲ. ಡಾಕ್ಟರ ಎದುರು ಮರ್ಯಾದೆಗೆಂದು ಬೆನ್ನು ನೆಟ್ಟಗೆ ಮಾಡಿ, ಊರುಗೋಲು ಬದಿಗಿಟ್ಟು, ‘ತೊಂದರೆ ಏನಿಲ್ಲ’ ಅಂದುಬಿಡುತ್ತಾರೆ! ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಹೆಚ್ಚಿನ ಸವಲತ್ತು. ಅದಕ್ಕಿಂತ ಕಡಿಮೆಯಾದರೆ ಬಿಳಿ ಕಾರ್ಡು, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ತಂದೆಯವರಿಗೆ ಮಲಯಾಳ ಬಾರದಿದ್ದರೆ ಜೊತೆಗೆ ಮಾತು ಬಲ್ಲವರೊಬ್ಬರು ಇರಲಿ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನದ್ದು, ಅದನ್ನು ಯಾರಾದರೂ ಓದುತ್ತಾರೆ. ಮೆಟ್ಟಿಲು ಹತ್ತುವಾಗ ಎಲ್ಲಿ ಹಿಡಿಯುತ್ತದೆ ಎಂದು ಬಾಯಲ್ಲೇ ಹೇಳಬೇಕಷ್ಟೆ. ಅರ್ಜಿ ಫಾರ್ಮು ಕನ್ನಡದಲ್ಲಿ ಕೇಳುವ ಹಕ್ಕು ನಮಗೆ ಇದೆ, ಕೇಳಿ ನೋಡಿ.

ಎಣ್ಮಕಜೆಯ ಕಡೆಯವರು ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯ ಮಾತು ತೆಗೆದಾರು. ಅದು ಬೇರೆ ಶಿಬಿರ, ಬೇರೆ ಫೈಲು, ಇದಕ್ಕೆ ಬೆರೆಸಬೇಡಿ.

ಸರ್ಟಿಫಿಕೇಟಿಗೆ ದೇಶವಿಡೀ ಬೆಲೆಯಿದೆ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯೇ ಹಾಗೆ ಹೇಳುತ್ತದೆ. ಹಾಗೆಂದು ಕರ್ನಾಟಕದ ರಿಯಾಯಿತಿ ಬಸ್ ಪಾಸು ಸಿಗುವುದಿಲ್ಲ, ಅದು ಆಚೆಯ ನಿವಾಸಿಗಳಿಗೆ. ಮಂಗಳೂರು ದಾರಿಯ ತಲಪಾಡಿ ಟೋಲಿನಲ್ಲೂ ಕಾರ್ಡು ತೋರಿಸಿ ಜಗಳಕ್ಕೆ ನಿಲ್ಲಬೇಡಿ. ಅಲ್ಲಿನ ವಿನಾಯಿತಿ ಅಂಗವಿಕಲರಿಗೆಂದೇ ಮಾರ್ಪಡಿಸಿದ ವಾಹನಕ್ಕೆ. ಮಗನ ಮಾಮೂಲಿ ಕಾರಿನಲ್ಲಿ ತಂದೆ ಕೂತಿದ್ದರೆ ಹಣ ಕೊಡಲೇಬೇಕು.